ಇನ್ನೊಂದ್ಸಲ, ಆಯಿ

ಗೋಕಾಕ
8 ಜನವರಿ 2025

ಪ್ರಿಯ ನಾಜಿಯಾ,

ನಿನ್ನ ಚಿತ್ರ ‘ಹೊಳಿ ಬಿಟ್ಟ ಹೊಸ್ತಿಲು’ ನಮ್ಮ ಹಬ್ಬಕ್ಕೆ ಆಯ್ಕೆಯಾಗಿದೆ. ಗೋಕಾಕದಲ್ಲಿ ಸಾಕ್ಷ್ಯಚಿತ್ರಗಳ ಹಬ್ಬ ಯಾರಿಗೆ ಬೇಕು ಎಂದು ಕೇಳಿದವರೆಲ್ಲ ಈಗ ಪಾಸು ಕೇಳುತ್ತಿದ್ದಾರೆ. ಫೆಬ್ರವರಿ ಹದಿನಾಲ್ಕರಿಂದ ಮೂರು ದಿನ, ಕಾಲೇಜಿನ ಸಭಾಭವನದಲ್ಲಿ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ನಿವೃತ್ತಳಾದ ಮೇಲೆ ನಡುವೆ ಯಾರೂ ಬಾಯಿ ಹಾಕದಂತೆ ಮಾತಾಡಲು ಉಳಿದಿರುವುದು ಪತ್ರವೊಂದೇ. ಹಳೆಯ ವಿದ್ಯಾರ್ಥಿಗಳಿಗೆಲ್ಲ ಇದೇ ಶಿಕ್ಷೆ. ನೀನೂ ಪತ್ರದಲ್ಲೇ ಉತ್ತರಿಸು.

ಮಹಾಪೂರದಲ್ಲಿ ಮನೆ ಬಿದ್ದ ಮುದುಕಿಯೊಬ್ಬಳು ಸರಕಾರ ಕೊಟ್ಟ ಹೊಸ ಪ್ಲಾಟಿನಿಂದ ಹೊಳೆದಂಡೆಗೆ ನಡೆದು ಬಂದು, ಗೋಡೆಯೇ ಇಲ್ಲದ ಮನೆಯ ಹೊಸ್ತಿಲನ್ನು ಇವತ್ತಿಗೂ ಗುಡಿಸಿ ತೊಳೆಯುತ್ತಾಳೆ. ಹುಕ್ಕೇರಿಯ ಮದುವೆ ಸ್ಟುಡಿಯೋದಲ್ಲಿ ಕೂತು ಅರಿಶಿನ, ಅಕ್ಷತೆ ಎಡಿಟ್ ಮಾಡುವ ನನ್ನ ಹುಡುಗಿ ಅಂಥದ್ದನ್ನು ಕಂಡು ಹಿಡಿದಳಲ್ಲ ಎಂದು ನನಗೆ ಹೆಮ್ಮೆಯಾಯಿತು. ಕೊನೆಯಲ್ಲಿ ಆ ಮುದುಕಿ ಕೆಂಚವ್ವ ತೀರಿಕೊಂಡ ಗಂಡನ ಹೆಸರು ಹಿಡಿದು ಕರೆದು ಅಳುವಾಗ ಆಯ್ಕೆಯ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಈಗ ಹಬ್ಬಕ್ಕೆ ಹೇಗೆ ಬರಬೇಕು ಎನ್ನುವುದನ್ನು ಕೇಳು. ಊರೂರ ಚಿತ್ರೋತ್ಸವ ತಿರುಗಿ ಮೊಣಕಾಲು ಸವೆಸಿಕೊಂಡವಳ ಮಾತು. ಮೊದಲನೆಯದು, ಎಲ್ಲ ಚಿತ್ರ ನೋಡುವ ಹಟ ಬೇಡ. ಮದುವೆ ಊಟದಲ್ಲಿ ಎಲೆ ತುಂಬ ಬಡಿಸಿಕೊಂಡು ಕೂತವರು ಯಾವುದನ್ನೂ ಸವಿಯುವುದಿಲ್ಲ. ದಿನಕ್ಕೆ ಎರಡೋ ಮೂರೋ ಸಾಕು, ಅದರಲ್ಲಿ ಒಂದು ನಿನಗೆ ಏನೇನೂ ಆಸಕ್ತಿ ಇಲ್ಲದ ವಿಷಯದ್ದಾಗಿರಲಿ. ಚಿತ್ರ ಮುಗಿದ ಮೇಲೆ ದೀಪ ಬರುವ ತನಕ ಏಳಬೇಡ. ಸಂವಾದವನ್ನು ತಪ್ಪಿಸಬೇಡ, ಅಲ್ಲಿ ನಿನ್ನ ಜಾಣತನ ತೋರಿಸಲು ಪ್ರಶ್ನೆ ಕೇಳಬೇಡ. ಚಹಾದ ಹೊತ್ತಿಗೆ ಗೊತ್ತಿದ್ದವರ ಗುಂಪು ಹುಡುಕಿಕೊಂಡು ಹೋಗದೆ ಪಕ್ಕದಲ್ಲಿ ನಿಂತವರನ್ನು ಮಾತಾಡಿಸು. ನಿನ್ನ ಚಿತ್ರದ ಸರದಿ ಬಂದಾಗ ಬದಿಯ ಕುರ್ಚಿಯಲ್ಲಿ ಕೂತು ಪರದೆ ಬಿಟ್ಟು ಜನರ ಮುಖ ನೋಡು. ನಾಲ್ಕು ವರ್ಷದಲ್ಲಿ ನಾನು ಕಲಿಸದೇ ಇದ್ದದ್ದು ಅಲ್ಲಿ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಕೆಂಚವ್ವನನ್ನು ಕರೆದುಕೊಂಡು ಬಾ.

ಮೊಣಕಾಲು ತಿಕ್ಕಿಕೊಳ್ಳುತ್ತ,
ಸುಜಾತಾ


ಹುಕ್ಕೇರಿ
19 ಜನವರಿ 2025

ಪ್ರೀತಿಯ ಮೇಡಂ,

ನಿಮ್ಮ ಪತ್ರವನ್ನು ಸ್ಟುಡಿಯೋ ನಡೆಸುವ ಚಾಚಾನಿಗೆ ಓದಿ ಹೇಳಿದೆ. ಗಫಾರ ಚಾಚಾ ಸ್ಟುಡಿಯೋಗೆ ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, “ನಮ್ಮ ಹುಡುಗಿ ಸಿನಿಮಾ ಹೋಗೇತ್ರಿ ಗೋಕಾಕಕ್ಕ” ಎಂದು ಹೇಳಿದ್ದೇ ಹೇಳಿದ್ದು. ನನ್ನ ಹೆಸರಿನ ಕಾರ್ಡುಗಳನ್ನೂ ಮಾಡಿಸಿದ್ದಾನೆ. ಲಗ್ನಪತ್ರಿಕೆ ಅಚ್ಚು ಹಾಕುವವರ ಹತ್ತಿರ ಮಾಡಿಸಿದ್ದರಿಂದ ಮೇಲೆ ಎರಡು ಕೈ ಜೋಡಿಸಿದ ಚಿತ್ರ, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂದಿದೆ. ಹಂಚಲೋ ಬೇಡವೋ ತಿಳಿಯುತ್ತಿಲ್ಲ.

ನೀವು ಹೇಳಿದಂತೆ ಚಿತ್ರಗಳನ್ನು ಗುರುತು ಹಾಕಿಕೊಂಡೆ. ಆಸಕ್ತಿ ಇಲ್ಲದ್ದು ಎಂದು ಹಿಮದಲ್ಲಿ ಕುರಿ ಕಾಯುವ ಹೆಂಗಸಿನ ಚಿತ್ರ ಆರಿಸಿದೆ. ಬೇರೆ ಉತ್ಸವಗಳವರೂ ಬರುತ್ತಾರಂತಲ್ಲ, ಅವರ ಜೊತೆ ಹೇಗೆ ಮಾತು ಶುರು ಮಾಡಬೇಕು? ಮದುವೆ ಮನೆಯಲ್ಲಾದರೆ ‘ಇಕ್ಕಡೆ ನೋಡ್ರಿ, ನಗ್ರಿ’ ಎಂದರೆ ಮುಗಿಯಿತು.

ಕೆಂಚವ್ವ ಆಯಿಯನ್ನು ಕರೆತರುವ ವಿಚಾರ. ಆಕೆಗೆ ಬಸ್ಸಿನಲ್ಲಿ ತಲೆ ತಿರುಗುತ್ತದೆ, ಕತ್ತಲ ಹಾಲಿನಲ್ಲಿ ಕೂತು ಅಭ್ಯಾಸವಿಲ್ಲ. ಅಷ್ಟು ಜನರ ಮುಂದೆ ತನ್ನನ್ನೇ ತಾನು ನೋಡಿದರೆ ಮುಜುಗರವಾದೀತು. ಬೇಕಾದರೆ ಆಕೆಯ ಎರಡು ಮಾತನ್ನು ರೆಕಾರ್ಡ್ ಮಾಡಿ ತರುತ್ತೇನೆ. ಅಷ್ಟು ಸಾಕಲ್ಲವೇ ಮೇಡಂ?

ನಿಮ್ಮ
ನಾಜಿಯಾ


ಗೋಕಾಕ
28 ಜನವರಿ 2025

ನಾಜಿಯಾ,

ಸಾಲದು. ನಾನೇ ಕೆಂಚವ್ವನಿಗೆ ಫೋನ್ ಮಾಡಿದೆ. ಆಕೆ ಸೀರೆ ಆರಿಸಿಟ್ಟಾಗಿದೆ. ತಲೆ ತಿರುಗುವ ಸುದ್ದಿ ಆಕೆಗೇ ಗೊತ್ತಿಲ್ಲ.

ಕಾರ್ಡು ಹಂಚು. ಜನ ನಕ್ಕರೆ ಮಾತು ತಾನಾಗಿ ಶುರುವಾಗುತ್ತದೆ.

ಸುಜಾತಾ


ಹೊಸ ಪ್ಲಾಟು, ಮೂಡಲಗಿ ತಾಲೂಕು
3 ಮಾರ್ಚ್ 2025

ನಾಜಿಯಾಗ,

ಎಲ್ಲಾರೂ ಅರಾಮ ಅದೇವಿ ಅಂತ ಮೊದಲ ಬರೀಬೇಕಂತ. ಸೊಸಿ ಶೈಲಾ ಹೇಳ್ತಾಳ. ಬರಕೋವಾ ಅಂದೆ. ನಾ ಹೇಳಿದ್ದು ಹೇಳಿದಂಗ ಬರಿ, ಚಂದ ಮಾಡಾಕ ಹೋಗಬ್ಯಾಡ ಅಂತನೂ ಅಂದೇನಿ.

ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾತು. ರಿಂಗ್ ಆಗತೈತಿ, ಎತ್ತಂಗಿಲ್ಲ. ಸಿಟ್ಟಾಗೀ ಅಂತ ಮಾಡಿದ್ದೆ. ಆಮ್ಯಾಲ ಇಚಾರ ಮಾಡಿದೆ, ನೀ ಸಿಟ್ಟಾಗೂವಂಥಾದ್ದು ನಾ ಏನೂ ಮಾಡಿಲ್ಲ.

ಗೋಕಾಕದ ಹಬ್ಬ ನನಗ ಭಾಳ ಸೇರ್ತು. ಮೊದಲ ದಿನ ಕತ್ತಲಾಗ ಯಾಕ ಕುಂಡ್ರಸ್ತಾರಪಾ ಅನಿಸ್ತು. ಆಮ್ಯಾಲ ತಿಳೀತು, ಬಾಜೂದವರ ಮುಂದ ಅಳಾಕ ನಾಚಿಕಿ ಆಗಬಾರದಂತ. ಆ ಬರಪಿನ್ಯಾಗ ಕುರಿ ಕಾಯೂ ಹೆಣ್ಣಮಗಳನ್ನ ನೋಡಿ ಅತ್ತೆ. ಆಕಿ ಭಾಷಾ ಒಂದೂ ತಿಳೀಲಿಲ್ಲ. ಬಾಜೂ ಕುಂತ ಧಾರವಾಡದ ಬಾಯಾರು ಒಂದೊಂದ ಮಾತು ಬಿಡಿಸಿ ಹೇಳಿದ್ರು. ಸಿನಿಮಾ ತಗಿಯಾಂವ ಹಿಂದ ನಿಂತು ಕೇಳ್ತಾನ, ನಿನಗ ಥಂಡಿ ಆಗಂಗಿಲ್ಲೇನು ಅಂತ. ಆಕಿ ಅಂತಾಳ, ಅಲ್ಲೋ, ನೀನೂ ಹೊರಗ ನಿಂತೀಯಲ್ಲ, ನಿನಗ ಆಗಂಗಿಲ್ಲೇನು? ನಾವೆಲ್ಲಾ ನಕ್ಕೇವಿ. ಚಾ ಕುಡಿಯೂ ಮುಂದ ಎಷ್ಟ ಮಂದಿ ಮಾತಾಡಿಸಿದ್ರು. ನಿನ್ನ ಕಾರ್ಡ್ ನಾನೂ ಹಂಚಿದೆ.

ಆಮ್ಯಾಲ ನಮ್ಮ ಸಿನಿಮಾ. ಅದು ಮುಗದ ಕೂಡ್ಲೇ ಕನ್ನಡಕದ ಹುಡುಗ ಒಬ್ಬಾವ ಎದ್ದ ನಿಂತು ನಿನಗ ಕೇಳಿದ, ಆಯಿ ಅಳೂದು ಅಷ್ಟ ಖರೇ ಖರೇ ಹೆಂಗ ಸಿಕ್ತು ಅಂತ. ನೀ ಅಂದಿ, ನಾವ ಸುಮ್ನ ಕಾಯ್ಕೋತ ಕುಂತಿದ್ವಿ, ಆಯಿಗೆ ಕ್ಯಾಮೆರಾ ಇದ್ದದ್ದ ಮರತ ಹೋಗಿತ್ತು ಅಂತ. ಆಗ ಸುಜಾತಾ ಬಾಯಾರು ಮೈಕ್ ತಂದು ನನ್ನ ಕೈಯಾಗ ಕೊಟ್ರು. ನಾ ನಿನ್ನ ಮಾರಿ ನೋಡಿದೆ. ಮದಿವಿ ಮನ್ಯಾಗ ಪಂಗ್ತಿ ಕುಂತ ಮ್ಯಾಲ ಅನ್ನ ಕಡಿಮಿ ಬಿದ್ದದ್ದ ಗೊತ್ತಾದ್ರ ಹೆಣ್ಣಿನ ಅವ್ವನ ಮಾರಿ ಹೆಂಗಾಗತೈತಿ, ಹಂಗಾಗಿತ್ತು.

“ಹೌದ್ರಿ, ಮರತ ಹೋಗಿತ್ರಿ” ಅಂದೆ. ಚಪ್ಪಾಳಿ ಹೊಡದ್ರು. ಎದ್ದ ನಿಂತ ಹೊಡದ್ರು.

ಕೊರಳಾಗ ಲಿಂಗ ಐತಿ ನಾಜಿಯಾ. ಮೈಕಿನ್ಯಾಗ ಸುಳ್ಳ ಹೇಳಿದೆ.

ಮೇ ತಿಂಗಳದಾಗ ನಮ್ಮ ಪ್ಲಾಟಿನ್ಯಾಗ ಸಿನಿಮಾ ಹಚ್ಚತೇವಿ ಅಂತ ಬಾಯಾರು ಹೇಳ್ಯಾರ. ಇಲ್ಲಿ ಎಲ್ಲಾರೂ ನನ್ನ ಬಲ್ಲವರು, ನಮ್ಮ ಮನಿಯವರನ್ನೂ ಬಲ್ಲವರು. ಇಲ್ಲಿ ಎದ್ದ ನಿಂತು ಯಾರರ ಕೇಳಿದ್ರ ಮತ್ತ ಸುಳ್ಳ ಹೇಳಾಕ ನನ್ನ ಕಡಿಂದ ಆಗಂಗಿಲ್ಲ. ಖರೆ ಹೇಳಿ ನಿನ್ನ ಮರ್ಯಾದಿ ತಗಿಯಾಕೂ ಮನಸ ಬರವಲ್ದು. ಏನ ಮಾಡ್ಲಿ ಹೇಳು.

ಹಬ್ಬದಾಗ ನಮ್ಮ ಸಿನಿಮಾಕ್ಕ ಬಹುಮಾನ ಅಂತ ಕೊಟ್ಟ ಕಟಿಗಿ ಮಾವಿನಹಣ್ಣ ನಮ್ಮನ್ಯಾಗ ಐತಿ. ಮೊಮ್ಮಗಳು ಖರೆ ಹಣ್ಣಂತ ಕಚ್ಚಿ ಹಲ್ಲ ನೋಯಿಸ್ಕೊಂಡಾಳ.

ಕೆಂಚವ್ವ

(ಕೆಳಗಿನದು ಶೈಲಾ ಬರೆಯುವುದು. ನಾನು ಈ ಮನೆಗೆ ಬಂದು ಇಷ್ಟು ವರ್ಷವಾದರೂ ಅತ್ತೆಯ ಬಾಯಲ್ಲಿ ಮಾವನ ಹೆಸರು ಕೇಳಿರಲಿಲ್ಲ. ರೇಷನ್ ಅಂಗಡಿಯಲ್ಲೂ ‘ನಮ್ಮ ಮನಿಯವರು’ ಅನ್ನುತ್ತಿದ್ದರು, ಹೆಸರನ್ನು ನಾನೇ ಹೇಳಬೇಕಿತ್ತು. ಗೋಕಾಕದಿಂದ ಬರುವಾಗ ಬಸ್ಸಿನಲ್ಲಿ, “ನಾ ಅವರ ಹೆಸರ ಹೇಳಿದ್ದು ಎಷ್ಟ ಮಂದಿ ಕೇಳಿದ್ರು?” ಎಂದು ಕೇಳಿದರು. ಫೋನ್ ಎತ್ತಿರಿ ನಾಜಿಯಾ.)


ಹುಕ್ಕೇರಿ
12 ಮಾರ್ಚ್ 2025

ಮೇಡಂ,

ಹಬ್ಬ ಮುಗಿದು ತಿಂಗಳಾಗುತ್ತ ಬಂತು, ನಿಮಗೆ ಒಂದು ಸಾಲೂ ಬರೆಯಲಿಲ್ಲ. ಬಹುಮಾನದ ಫೋಟೋ ಸ್ಟುಡಿಯೋ ಗೋಡೆಯ ಮೇಲಿದೆ. ಅದಕ್ಕೆ ಬೆನ್ನು ಹಾಕಿ ಕೂರುವಂತೆ ನನ್ನ ಕುರ್ಚಿ ತಿರುಗಿಸಿಕೊಂಡಿದ್ದೇನೆ. ಈಗ ರಂಜಾನಿನ ರೋಜಾ ಹಿಡಿದಿದ್ದೇನೆ, ಇನ್ನೂ ಬಚ್ಚಿಟ್ಟುಕೊಂಡು ಕೂರುವುದು ಆಗುತ್ತಿಲ್ಲ.

ಆಯಿ ಕ್ಯಾಮೆರಾ ಮರೆತಿರಲಿಲ್ಲ. ನಾನು ಮರೆಯಲು ಬಿಟ್ಟಿರಲಿಲ್ಲ.

ಹೋದ ದೀಪಾವಳಿಯ ನಂತರದ ಮಾತು. ಹೊಸ್ತಿಲು ಗುಡಿಸುತ್ತಿದ್ದ ಆಯಿಗೆ ಮಣ್ಣಿನಲ್ಲಿ ಬೀಸುಕಲ್ಲಿನ ಗೂಟ ಸಿಕ್ಕಿತು. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಅಲ್ಲೇ ಕೂತು ಅತ್ತಳು. ಸದ್ದೇ ಇರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ನಾನು ನೋಡಿದರೆ ಕ್ಯಾಮೆರಾ ನಿಂತುಬಿಟ್ಟಿದೆ. ಮೆಮೊರಿ ಕಾರ್ಡು ತುಂಬಿತ್ತು. ಹಿಂದಿನ ದಿನದ ಸಂಕೇಶ್ವರದ ಮದುವೆಯನ್ನು ನಾನು ಖಾಲಿ ಮಾಡಿರಲಿಲ್ಲ. ಆಯಿ ಅಳುತ್ತಿದ್ದಾಗ ನನ್ನ ಕಾರ್ಡಿನ ತುಂಬ ಯಾರದೋ ಅರಿಶಿನದ ಕುಣಿತ ಇತ್ತು.

ಮೇಡಂ, ನಮ್ಮ ಕೆಲಸದಲ್ಲಿ ತಾಳಿ ಕಟ್ಟುವುದೊಂದನ್ನು ಬಿಟ್ಟು ಬೇರೆಲ್ಲವನ್ನೂ ಎರಡನೆಯ ಸಲ ಮಾಡಿಸುತ್ತೇವೆ. ಹೆಣ್ಣು ಕಳಿಸುವಾಗ ತಾಯಿಯ ಅಳು ಸರಿಯಾಗಿ ಬೀಳದಿದ್ದರೆ ಚಾಚಾ, “ಅಕ್ಕಾ, ಇನ್ನೊಂದ್ಸಲ ಮಗಳನ್ನ ತೆಕ್ಕಿ ಹಾಯ್ರಿ, ಬೆಳಕ ಚಲೋ ಐತಿ” ಅನ್ನುತ್ತಾನೆ. ಅವರು ತಬ್ಬಿಕೊಳ್ಳುತ್ತಾರೆ, ಅಳುತ್ತಾರೆ. ಯಾರಿಗೂ ಬೇಸರವಿಲ್ಲ. ನಾನು ಹದಿನೈದರ ವಯಸ್ಸಿನಿಂದ ಅದನ್ನೇ ನೋಡಿದವಳು. ಕಾರ್ಡು ಬದಲಿಸಿ, “ಆಯಿ, ಇನ್ನೊಂದ್ಸಲ” ಅಂದೆ.

ಆಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಪ್ರಯತ್ನ ಮಾಡಿದಳು. ಅಳು ಬರಲಿಲ್ಲ, ನಗು ಬಂತು. “ಬರವಲ್ದವಾ” ಅಂದಳು. ಬೆಳಕು ಹೋಗುತ್ತಿತ್ತು. ಆಗ ನಾನು ಇನ್ನೊಂದು ಮಾತು ಹೇಳಿದೆ. ಮದುವೆಯಲ್ಲಿ ಹೊಸ ಮದುಮಗಳಿಗೆ ಪ್ರಾಸದ ಒಡಪು ಹಾಕಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಅದನ್ನು ಹಿಡಿಯುವುದು ನನ್ನ ಕ್ಯಾಮೆರಾದ ಪಾಳಿ. ನಾಚಿ ಬಾಯಿ ಬಿಡದ ಹುಡುಗಿಯರಿಂದ ಹೆಸರು ಹೊರಡಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದೇ ದನಿಯಲ್ಲಿ, ಅದೇ ನಗುವಿನಲ್ಲಿ ಹೇಳಿದೆ: “ಆಯಿ, ಯಜಮಾನ್ರ ಹೆಸರ ಹೇಳ್ರಿ ನೋಡೋಣು. ಅಳು ತಾನ ಬರತೈತಿ.”

ಗಂಡ ತೀರಿಕೊಂಡ ಹೆಂಗಸಿಗೆ ಒಡಪು ಯಾರೂ ಕೇಳುವುದಿಲ್ಲ ಮೇಡಂ. ಅಷ್ಟು ಮದುವೆ ಮಾಡಿದ ನನಗೆ ಅದು ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ಎಂದರೆ ಅದೂ ಅರ್ಧ ಸುಳ್ಳು. ಹೊಳೆದಿತ್ತು, ಬೆಳಕು ಹೋಗುತ್ತಿತ್ತು.

ಆಯಿ ನನ್ನ ಕಡೆ ನೋಡಿದಳು. ಆಮೇಲೆ “ಅಲ್ಲಪ್ಪ” ಎಂದು ಹೆಸರು ಹೇಳಿದಳು. ಆಮೇಲೆ ಅತ್ತಳು. ನಾನು ಕ್ಯಾಮೆರಾದ ಹಿಂದೆ ‘ಸಿಕ್ತು’ ಎಂದು ಹೆಬ್ಬೆರಳು ಎತ್ತಿದೆ. ಮದುವೆಗಳಲ್ಲಿ ಚಾಚಾನಿಗೆ ನಾನು ಎತ್ತುವುದು ಹಾಗೆಯೇ.

ಸಭಾಭವನದಲ್ಲಿ ನೀವು ಹೇಳಿದಂತೆ ಬದಿಯ ಕುರ್ಚಿಯಲ್ಲಿ ಕೂತು ಜನರ ಮುಖ ನೋಡಿದೆ. ಎಲ್ಲರ ಕಣ್ಣಲ್ಲೂ ನೀರು. ಆಯಿ ಮಾತ್ರ ಪರದೆ ನೋಡುತ್ತಿರಲಿಲ್ಲ, ಸೆರಗಿನ ತುದಿಯನ್ನು ಸುತ್ತುತ್ತ ತಲೆ ತಗ್ಗಿಸಿ ಕೂತಿದ್ದಳು. ಅದಾದ ಮೇಲೂ ನಾನು ಎದ್ದು ನಿಂತು ಆ ಉತ್ತರ ಕೊಟ್ಟೆ. ನನ್ನನ್ನು ಉಳಿಸಲು ಆಯಿ ಸುಳ್ಳು ಹೇಳಬೇಕಾಯಿತು. ಆಕೆಯ ಫೋನ್ ಬಂದಾಗಲೆಲ್ಲ ರಿಂಗು ನಿಲ್ಲುವ ತನಕ ಕೈ ಕಟ್ಟಿ ಕೂರುತ್ತೇನೆ. ಛೀ ಅನ್ನಿಸುತ್ತದೆ ನನಗೆ ನನ್ನ ಮೇಲೆ.

ಬಹುಮಾನ ವಾಪಸು ತೆಗೆದುಕೊಳ್ಳಿ. ಪ್ಲಾಟಿನ ಪ್ರದರ್ಶನ ರದ್ದು ಮಾಡಿ. ಚಿತ್ರ ಕೆಟ್ಟಿದೆ, ತಾಂತ್ರಿಕ ತೊಂದರೆ ಎಂದು ಏನಾದರೂ ಹೇಳಿ.

ನಾಜಿಯಾ


ಗೋಕಾಕ
24 ಮಾರ್ಚ್ 2025

ನಾಜಿಯಾ,

ನಿನ್ನ ಪತ್ರ ಓದಿ ನಿನಗೆ ನಾಲ್ಕು ಬಯ್ಯಬೇಕೆಂದು ಕೂತೆ. ಕಾಗದ ಹರಿದು ಮತ್ತೆ ಕೂತೆ. ಬಯ್ಯುವ ಅರ್ಹತೆ ನನಗಿಲ್ಲ.

ಅಳುವ ಮೊದಲು ಕೆಂಚವ್ವ ಒಮ್ಮೆ ಕ್ಯಾಮೆರಾದ ಹಿಂದೆ ನೋಡುತ್ತಾಳೆ. ಹೇಳಲೋ ಬೇಡವೋ ಎಂದು ಅಪ್ಪಣೆ ಕೇಳುವ ನೋಟ. ಆಯ್ಕೆಯ ಕೋಣೆಯಲ್ಲಿ ಅದನ್ನು ನಾನು ಕಂಡೆ. ಇಷ್ಟು ವರ್ಷ ಚಿತ್ರ ನೋಡಿದ ಕಣ್ಣಿಗೆ ಅದು ತಪ್ಪುವುದಿಲ್ಲ. ಆದರೆ ನಮ್ಮ ಭಾಗದ ಚಿತ್ರ ಒಂದಾದರೂ ಇರಲಿ, ನನ್ನ ವಿದ್ಯಾರ್ಥಿನಿಯದು ಇರಲಿ ಎಂಬ ಆಸೆ. ಬಾಯಿ ಮುಚ್ಚಿಕೊಂಡೆ.

ಇನ್ನೂ ಇದೆ. ಸಂವಾದದಲ್ಲಿ ಮೈಕನ್ನು ಕೆಂಚವ್ವನ ಕೈಗೆ ಕೊಟ್ಟದ್ದು ಗೌರವಕ್ಕಲ್ಲ. ನಿನ್ನ ಬಾಯಿಂದ ಬರದ ಸತ್ಯ ಆಕೆಯ ಬಾಯಿಂದ ಬರುತ್ತದೋ ನೋಡೋಣ ಎಂದು ಕೊಟ್ಟೆ. ನೀನು ಆಕೆಯಿಂದ ಅಳು ಕೇಳಿದೆ, ನಾನು ಸತ್ಯ ಕೇಳಿದೆ. ಇಬ್ಬರೂ ನಮಗೆ ಬೇಕಾದ್ದನ್ನು ಆಕೆಯ ಕೈಯಿಂದ ಮಾಡಿಸಿಕೊಳ್ಳಲು ನೋಡಿದೆವು. ಆಕೆ ಸುಳ್ಳು ಹೇಳಿ ಕೂತಾಗ ಚಪ್ಪಾಳೆ ತಟ್ಟಿದವರಲ್ಲಿ ನಾನು ಮೊದಲಿಗಳು. ಹಬ್ಬಕ್ಕೆ ಹೇಗೆ ಬರಬೇಕೆಂದು ನಿನಗೆ ಅಷ್ಟುದ್ದ ಬರೆದವಳು, ಬಂದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಯೋಚಿಸಿರಲಿಲ್ಲ.

ಪ್ರದರ್ಶನ ರದ್ದಾಗುವುದಿಲ್ಲ. ಮೇ ಹನ್ನೊಂದು, ಭಾನುವಾರ ಸಂಜೆ, ಪ್ಲಾಟಿನ ಸಮುದಾಯ ಭವನದ ಗೋಡೆಯ ಮೇಲೆ. ತಾಂತ್ರಿಕ ತೊಂದರೆ ಎಂಬ ಮಾತನ್ನು ನಾನು ಹೇಳುವುದಿಲ್ಲ. ಆ ಗೋಡೆಯ ಮೇಲೆ ಏನು ಬೀಳಬೇಕು ಎನ್ನುವುದನ್ನು ನನ್ನನ್ನು ಕೇಳಬೇಡ. ಕೆಂಚವ್ವನನ್ನು ಕೇಳು.

ಸುಜಾತಾ


ಹುಕ್ಕೇರಿ
4 ಏಪ್ರಿಲ್ 2025

ಆಯಿ,

ಶೈಲಾ ಅಕ್ಕ ಇದನ್ನ ಓದಿ ಹೇಳೂ ಮುಂದ ನೀವು ಒಲಿ ಮುಂದ ಇರತೀರೋ, ಕಟ್ಟಿ ಮ್ಯಾಲ ಇರತೀರೋ. ಎಲ್ಲಿದ್ರೂ ನಿಮ್ಮ ಮಾರಿ ನನಗ ಕಾಣೂದಿಲ್ಲ ಅಂತ ಬರಿಯಾಕ ಧೈರ್ಯ ಮಾಡೇನಿ.

ಈದ್ ಆದ ಮ್ಯಾಲ ಆ ದಿನದ್ದೆಲ್ಲಾ ಮತ್ತ ತಗದ ಕೇಳಿದೆ. ಸಿನಿಮಾದಾಗ ನಾ ನನ್ನ ದನಿ ಕತ್ತರಿಸಿದ್ದೆ. ಕಂಪ್ಯೂಟರಿನ್ಯಾಗ ಹಂಗ ಐತಿ. ನಗಕೋತ ಹೇಳೇನಿ ಆಯಿ, ‘ಹೆಸರ ಹೇಳ್ರಿ’ ಅಂತ. ಮದಿವಿ ಮನ್ಯಾಗ ಹೇಳಿದಂಗ ಹೇಳೇನಿ. ಕೇಳಿ ಕಿವಿ ಮುಚಗೊಂಡೆ.

ತಪ್ಪಾಗೇತಿ. ಹೆಸರು ಹೇಳಿಸಿದ್ದು ಒಂದು, ಹಾಲಿನ್ಯಾಗ ಸುಳ್ಳ ಹೇಳಿದ್ದು ಒಂದು, ನಿಮ್ಮ ಕಡಿಂದ ಹೇಳಿಸಿದ್ದು ಒಂದು, ಫೋನ್ ಎತ್ತದ ಕುಂತದ್ದು ಎಲ್ಲಾದಕ್ಕಿಂತ ದೊಡ್ಡದು.

ಊರಾಗ ಹಚ್ಚೂ ಮುಂದ ಆ ಅಳೂದನ್ನ ತಗದ ಬಿಡತೇನಿ. ಹೊಸ್ತಿಲ ಗುಡಿಸಿ ನೀರ ಹಾಕೂದಕ್ಕ ಸಿನಿಮಾ ಮುಗಸ್ತೇನಿ. ಯಾರೂ ಏನೂ ಕೇಳಂಗಿಲ್ಲ, ನೀವೂ ಏನೂ ಹೇಳಬೇಕಾಗಿಲ್ಲ. ಹೂಂ ಅಂದ್ರ ಸಾಕು.

ನಿಮ್ಮ
ನಾಜಿಯಾ


ಹೊಸ ಪ್ಲಾಟು
18 ಏಪ್ರಿಲ್ 2025

ನಾಜಿಯಾಗ,

ನಿನ್ನ ಪತ್ರ ಬಂದಾಗ ನಾ ಸಂಡಿಗಿ ಹಾಕಾಕತ್ತಿದ್ದೆ. ಶೈಲಾ ಓದಿದ್ಲು, ಸಂಡಿಗಿ ಒಣಗಿದ್ವು. ಉತ್ತರಾ ಲಗೂನ ಕೊಡಾಕ ಬರಲಿಲ್ಲ.

ಹೂಂ ಅನ್ನಂಗಿಲ್ಲ.

ತಗದ್ರ ಊರಾಗ ಅಷ್ಟ ತಗದಂಗಾತು. ಗೋಕಾಕದಾಗ ಹೇಳಿದ್ದು ಎಲ್ಲಿ ಹೋಗತೈತಿ? ನಾ ದಿನಾ ಲಿಂಗ ಕೈಯಾಗ ಹಿಡದ ಕುಂಡ್ರಾಕಿ. ಕತ್ತರಿ ನಿನ್ನ ಹಂತ್ಯಾಕ ಐತಿ, ನನ್ನ ಹಂತ್ಯಾಕ ಇಲ್ಲ. ಬರಪಿನ್ಯಾಗ ಕುರಿ ಕಾಯಾಕಿ ನೆನಪೈತೇನು? ಸಿನಿಮಾದವನ ದನಿನೂ ಅದರಾಗ ಇತ್ತು. ಆಂವ ಕೇಳಿದ, ಆಕಿ ಬೈದ್ಲು, ಎರಡೂ ಇದ್ವು. ಅದಕ್ಕ ಅದು ಚಲೋ ಅನಿಸ್ತು. ನಮ್ಮದರಾಗ ನೀನ ಇಲ್ಲ. ನಾ ಒಬ್ಬಾಕಿನ ಹುಚ್ಚರಂಗ ಹೊಳಿದಂಡಿಗೆ ನಿಂತು ಗಂಡನ ಹೆಸರ ಹಿಡದು ಕರದಂಗ ಕಾಣತೈತಿ.

ನಿನ್ನ ದನಿ ತಿರಗಿ ಹಾಕು. ‘ಇನ್ನೊಂದ್ಸಲ’ ಅಂದದ್ದು, ನಾ ನಕ್ಕದ್ದು, ನೀ ಹೆಸರ ಕೇಳಿದ್ದು, ಎಲ್ಲಾ ಇರಲಿ. ನಿನಗ ನಾಚಿಕಿ ಆಗತೈತಿ. ಆಗಲಿ. ನನಗೂ ಆಗೇತಿ. ಇಬ್ಬರೂ ಕೂಡೇ ಕುಂಡ್ರೂಣು.

ಕೆಂಚವ್ವ

(ಶೈಲಾ: ಫೋನ್ ಹಚ್ಚಿ ಕೊಡಲೇ ಎಂದು ಕೇಳಿದೆ. “ಬ್ಯಾಡ, ಆಕಿ ಎತ್ತಲಿಲ್ಲಂದ್ರ ನನಗ ಮತ್ತ ಕೆಟ್ಟ ಅನಸ್ತೈತಿ” ಅಂದರು.)


ಹುಕ್ಕೇರಿ
15 ಮೇ 2025

ಮೇಡಂ,

ಶಸ್ತ್ರಚಿಕಿತ್ಸೆ ಆದ ಮೊಣಕಾಲು ಈಗ ಹೇಗಿದೆ? ನೀವು ಆಸ್ಪತ್ರೆಯಿಂದಲೇ ‘ಬಿಡದೆ ಎಲ್ಲ ಬರೆ’ ಎಂದು ಹೇಳಿ ಕಳಿಸಿದ್ದೀರಿ. ಬರೆಯುತ್ತೇನೆ.

ಹುಣ್ಣಿಮೆಯ ಹಿಂದಿನ ಸಂಜೆಯಾದ್ದರಿಂದ ಗೋಡೆಯ ಮೇಲೆ ಚಿತ್ರ ಮಸುಕಾಗಿತ್ತು. ಜನ ಚಾಪೆ, ಗೋಣಿಚೀಲ ತಂದು ಹಾಸಿಕೊಂಡಿದ್ದರು. ಚಾಚಾ ಮದುವೆಯ ಸ್ಪೀಕರು ತಂದಿದ್ದ, ಹೀಗಾಗಿ ದನಿ ಮಾತ್ರ ಊರ ತುಂಬ ಕೇಳುವಷ್ಟಿತ್ತು. ಬದಿಯಲ್ಲಿ ಕೂರಬೇಕೆಂದಿದ್ದೆ. ಆಯಿ ಕೈ ಹಿಡಿದು ನಡುವೆ, ತನ್ನ ಚಾಪೆಯ ಮೇಲೆ ಕೂರಿಸಿಕೊಂಡಳು.

ಕೊನೆಯ ಭಾಗ ಬಂತು. ಮೊದಲು ಕಪ್ಪು ಪರದೆ, ಅದರ ಮೇಲೆ ‘ಇಲ್ಲಿ ಆಯಿ ಅತ್ತಳು. ನನ್ನ ಕಾರ್ಡಿನಲ್ಲಿ ಜಾಗ ಇರಲಿಲ್ಲ’ ಎಂದು ಬರೆದಿದ್ದೆ. ಆಮೇಲೆ ನನ್ನ ದನಿ ಅಷ್ಟು ದೊಡ್ಡದಾಗಿ ಬಂತು: “ಆಯಿ, ಇನ್ನೊಂದ್ಸಲ.” ಹಿಂದೆ ಯಾರೋ ನಕ್ಕರು. ಆಯಿ ನಕ್ಕದ್ದು ಬಂದಾಗ ಎಲ್ಲರೂ ನಕ್ಕರು. ಆಮೇಲೆ ನಾನು ಹೆಸರು ಕೇಳಿದ್ದು ಬಂತು. ನಗು ನಿಂತುಹೋಯಿತು. ಒಬ್ಬ ಮುದುಕಿ “ಅಯ್ಯ ಶಿವನ” ಅಂದಳು. ಚಾಚಾ ಸ್ಪೀಕರಿನ ಪಕ್ಕ ನಿಂತವನು ನೆಲ ನೋಡುತ್ತಿದ್ದ. ತಲೆ ತಗ್ಗಿಸಿದೆ. ಆಯಿ ನನ್ನ ಕೈ ಬಿಡಲಿಲ್ಲ, ಈ ಸಲ ಆಕೆ ಪರದೆ ನೋಡುತ್ತಿದ್ದಳು.

ಮುಗಿದ ಮೇಲೆ ನಾನು ಎದ್ದು ನಿಂತು ಗೋಕಾಕದಲ್ಲಿ ಹೇಳಿದ್ದು ಸುಳ್ಳೆಂದು ಹೇಳಿದೆ. ಮಾಯಪ್ಪ ಎಂಬ ಹಿರಿಯರು, ಅಲ್ಲಪ್ಪನವರ ಗೆಳೆಯರಂತೆ, ಕೂತಲ್ಲಿಂದಲೇ ಆಯಿಯನ್ನು ಕೇಳಿದರು: “ಕೆಂಚವ್ವ, ಹೇಳ ಅಂದ ಕೂಡ್ಲೇ ಅಳು ಹೆಂಗ ಬಂತವಾ ನಿನಗ?”

ಆಯಿ ಮೈಕು ಬೇಡಲಿಲ್ಲ.

“ಬೀಸೂಕಲ್ಲಿನ ಗೂಟಾ ಸಿಕ್ಕಾಗ ಮನಿ ಸಲುವಾಗಿ ಅತ್ತೇನಿ ಮಾಯಪ್ಪಣ್ಣ. ಅದು ಇದರಾಗ ಇಲ್ಲ. ಈಗ ನೀವು ನೋಡಿದ್ರೆಲ್ಲ, ಅದು ಮನಿ ಸಲುವಾಗೂ ಅಲ್ಲ, ಅವರ ಸಲುವಾಗೂ ಅಲ್ಲ. ನನ್ನ ಮದಿವ್ಯಾಗ ಒಡಪಿನ್ಯಾಗ ಒಮ್ಮೆ ಆ ಹೆಸರ ಹೇಳಿದ್ದೆ. ಇಷ್ಟ ವರ್ಷ ಕಾಯ್ಕೊಂಡ ಬಂದಿದ್ದೆ. ಕೂಸು ಕೇಳ್ತು, ಇಲ್ಲ ಅನ್ನಾಕ ಆಗಲಿಲ್ಲ. ಹೆಸರ ಬಾಯಿಂದ ಬಿದ್ದ ಮ್ಯಾಲ ನಾಚಿಕಿ ಬಂತು. ಆ ನಾಚಿಕಿಗೆ ಅತ್ತೇನಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಜನ ಚಾಪೆ ಸುತ್ತಿಕೊಂಡು ಒಬ್ಬೊಬ್ಬರಾಗಿ ಎದ್ದರು. ಗೋಕಾಕದ ಸಭಾಭವನದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ ಎಂದು ನನಗೆ ಆಗ ತಿಳಿಯಿತು ಮೇಡಂ. ನನ್ನ ಬಹುಮಾನ ಬಂದದ್ದೂ ಆ ನಾಚಿಕೆಗೇ.

ಶೈಲಾ ಅಕ್ಕ ರೊಟ್ಟಿ, ಝುಣಕ ಬಡಿಸಿದಳು. ತಟ್ಟೆಯಲ್ಲಿ ಬಿಡದೆ ತಿಂದೆ. ಹೊರಡುವಾಗ ಆಯಿ ಜೀಪಿನ ತನಕ ಬಂದಳು. ನಾನು ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದಳು. ಕ್ಯಾಮೆರಾದ ಚೀಲವನ್ನು ನನ್ನ ಹೆಗಲಿಗೆ ಸರಿಯಾಗಿ ಏರಿಸಿ ಹೇಳಿದಳು:

“ನಮ್ಮ ಮನಿಯವರ ಸುದ್ದಿ ನಿನಗ ಯಾರೂ ಹೇಳಿಲ್ಲ. ನಾ ಹೇಳ್ತೇನಿ, ಬಾ. ಕಾರ್ಡ್ ಖಾಲಿ ಮಾಡ್ಕೊಂಡ ಬಾ. ಒಂದ ಸಲ ಹೇಳ್ತೇನಿ.”

ಬಂದ ದಿನವೇ ಕಾರ್ಡು ಖಾಲಿ ಮಾಡಿ ಮೇಜಿನ ಮೇಲೆ ಇಟ್ಟಿದ್ದೇನೆ. ಮೂಡಲಗಿಗೆ ಬಸ್ಸು ದಿನಾ ಇದೆ. ಆಯಿಗೆ ಮುಖ ತೋರಿಸುವ ಧೈರ್ಯ ಇನ್ನೂ ಬಂದಿಲ್ಲ.

ನಾಜಿಯಾ